ನಡುಗುವ ಗೆರೆ

"ಇದು ಇನ್ನೂ ನಡುಗ್ತಾ ಇದೆ!"

ಅಂಗಡಿಯ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಅವನ ದೂರು ಒಳಗೆ ಬಂದಾಗಿತ್ತು.

ಅವಳು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಭೂತಗನ್ನಡಿಯ ಹಿಂದಿನಿಂದ ತಲೆ ಎತ್ತಿದಳು. ಎದುರಿಗೆ ಎತ್ತರದ ಒಬ್ಬ ಯುವಕ. ಇಸ್ತ್ರಿ ಕೆಡದ ಅಂಗಿ, ತೋಳಿನ ಮೇಲೆ ಎಂಥದೋ ಬಿಳಿ ಪುಡಿ, ನಿದ್ದೆಗೆಟ್ಟ ಕಣ್ಣು. ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟೊಂದನ್ನು ಒಳಗೆ ಹಕ್ಕಿಮರಿ ಇದೆಯೇನೋ ಎಂಬಂತೆ ಹಿಡಿದಿದ್ದ.

"ಜನ ಮೊದಲು ನಮಸ್ಕಾರ ಅಂತಾರೆ," ಎಂದಳು.

"ನಮಸ್ಕಾರ. ಇದು ಇನ್ನೂ ನಡುಗ್ತಾ ಇದೆ."

ಮೊದಲೇ ಅವಳಿಗೆ ಮೂಗಿನ ತುದಿಯಲ್ಲಿ ಕೋಪ. ತಾನು ಸರಿಮಾಡಿ ಕಳಿಸಿದ ವಸ್ತು ವಾಪಸ್ ಬಂದರಂತೂ ಕೇಳುವುದೇ ಬೇಡ! ಹೋದ ವಾರ ದೊಡ್ಡಮ್ಮ ಕೌಂಟರಿನಲ್ಲಿ ತೆಗೆದುಕೊಂಡಿಟ್ಟಿದ್ದ ಕಂಟ್ರೋಲರ್ ಇದೇ ಎಂದು ಗಂಟು ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು.

ಅದು 'ಆಮೆ'ಯ ಕಂಟ್ರೋಲರ್.

ಆಮೆ ಎಂದರೆ ಟೀವಿಗೆ ಸಿಕ್ಕಿಸಿ ಆಡುವ, ಬಹಳ ಹಳೆಯ ಕಾಲದ ವಿಡಿಯೋ ಗೇಮ್ ಪೆಟ್ಟಿಗೆ. ಅದನ್ನು ಮಾಡಿದ ಕಂಪನಿ ಬಂದಷ್ಟೇ ಬೇಗ ಬಾಗಿಲು ಹಾಕಿಕೊಂಡಿತ್ತು. ಉಬ್ಬಿದ ಕಂದು ಬೆನ್ನು ನೋಡಿ, ಅದನ್ನು ಹುಡುಕಿ ಕೂಡಿಡುವ ಬೆರಳೆಣಿಕೆಯ ಹುಚ್ಚರು ಇಟ್ಟ ಅಡ್ಡಹೆಸರು ಅದು. ಅದರ ಕಂಟ್ರೋಲರಿನಲ್ಲಿ ಗುಂಡಿಗಳಿಲ್ಲ, ಕೋಲಿಲ್ಲ. ಅಂಗೈಯಲ್ಲಿ ಕೂರುವ ಡಬ್ಬಿ, ಅದರ ಮೇಲೊಂದು ತಿರುಗುವ ಡಯಲ್. ತಿರುಗಿಸಿದರೆ ಪರದೆಯ ಮೇಲೊಂದು ಬಿಳಿ ಗೆರೆ ಏರುತ್ತದೆ, ಇಳಿಯುತ್ತದೆ. ಎರಡು ಗೋಡೆಗಳ ನಡುವಿನ ಸಂದಿನಲ್ಲಿ ಆ ಗೆರೆಯನ್ನು ಅಲುಗದಂತೆ ಹಿಡಿಯಬೇಕು. ಅಷ್ಟೇ ಆಟ!

ಅವಳು ಡಬ್ಬಿಗೆ ಮೀಟರ್ ಜೋಡಿಸಿ ಡಯಲ್ ತಿರುಗಿಸಿದಳು. ಮುಳ್ಳು ಒಂದೇ ಸಮನೆ ಏರಿತು, ಒಂದೇ ಸಮನೆ ಇಳಿಯಿತು. ಬಿಟ್ಟಳು, ನಿಂತಿತು.

"ನೋಡಿ! ಎಲ್ಲಿ ನಡುಗ್ತಿದೆ?"

"ಇಲ್ಲಿ ನಡುಗಲ್ಲ. ಮನೇಲಿ ನಡುಗುತ್ತೆ."

"ಹಾಗಾದ್ರೆ ಪೆಟ್ಟಿಗೇನೇ ಕೆಟ್ಟಿರಬೇಕು. ಅದನ್ನೂ ತನ್ನಿ."

"ಅದು ಮನೆ ಬಿಟ್ಟು ಬರಲ್ಲ." ಅವನು ಬಲಗೈಯನ್ನು ಜೇಬಿಗೆ ಸೇರಿಸಿದ. "ದಯವಿಟ್ಟು ಇನ್ನೊಂದು ಸಲ ನೋಡಿ. ಇದರಲ್ಲೇ ಏನೋ ಇದೆ. ಇರಲೇಬೇಕು..."

ಕೊನೆಯ ಮಾತಿನಲ್ಲಿ ಎಂಥದೋ ಅಂಗಲಾಚುವ ದನಿಯಿತ್ತು. ಬಾಯಿಗೆ ಬಂದಿದ್ದ ಬಿರುಸು ಉತ್ತರವನ್ನು ಅವಳು ನುಂಗಿಕೊಂಡಳು.

"ಬಿಟ್ಟು ಹೋಗಿ," ಎಂದಳು.

ಕೌಂಟರಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದ ದೊಡ್ಡಮ್ಮನಿಗೆ ಗಿರಾಕಿಯ ಕುಲಗೋತ್ರ ಕೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಹೋದ ವಾರ ಅದಕ್ಕೆ ಪುರುಸೊತ್ತಾಗಿರಲಿಲ್ಲ. "ಏನು ಕೆಲಸ ಮಾಡ್ತೀಯಪ್ಪಾ?"

"ಹಲ್ಲು ಮಾಡ್ತೀನಿ ಅಮ್ಮ."

"ಹಾಂ?"

"ಹಲ್ಲಿನ ಡಾಕ್ಟರುಗಳಿಗೆ ಪಿಂಗಾಣಿ ಹಲ್ಲು ಮಾಡಿಕೊಡೋ ಲ್ಯಾಬ್ ನಮ್ಮದು. ಅಪ್ಪ ಶುರು ಮಾಡಿದ್ದು. ಒಂದೊಂದು ಹಲ್ಲಿಗೂ ಕುಂಚದಲ್ಲಿ ಬಣ್ಣ ಹಚ್ಚಬೇಕು. ಪಕ್ಕದ ಹಲ್ಲಿಗೂ ಗೊತ್ತಾಗಬಾರದು, ಇದು ಹೊಸಬ ಅಂತ."

ದೊಡ್ಡಮ್ಮ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಮುಂದಿನ ಹಲ್ಲಿನ ಸೆಟ್ಟು ಮಾತಿನ ನಡುವೆ ಜಾರುವುದು ಮನೆಯವರಿಗಷ್ಟೇ ಗೊತ್ತಿದ್ದ ಗುಟ್ಟು. ಅವನು ಕಂಡೂ ಕಾಣದವನಂತೆ ನಕ್ಕು ಹೊರಟುಹೋದ. ನಗುವಾಗ ಆ ಕಣ್ಣುಗಳ ಆಯಾಸ ಎಲ್ಲಿಗೋ ಓಡಿಹೋಗಿತ್ತು.

*ನಗೋಕೂ ಬರುತ್ತೆ ಹಾಗಾದ್ರೆ!* ಎಂದುಕೊಂಡಳು ಅವಳು. ಆಮೇಲೆ, ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸಿಡುಕಿದಳು.

---

ಅಂಗಡಿ ದೊಡ್ಡಪ್ಪನದು. ಅವರು ಹೋದ ಮೇಲೆ ದೊಡ್ಡಮ್ಮ ಕೌಂಟರ್ ಹಿಡಿದಳು, ಅವಳು ಬೆಸುಗೆ ಕಡ್ಡಿ ಹಿಡಿದಳು. ಇಡೀ ದಿನ ಮೇಜಿಗೆ ಬಗ್ಗಿ ತಂತಿಗಳನ್ನು ಕುಕ್ಕುತ್ತಿರುವುದರಿಂದ ದೊಡ್ಡಮ್ಮ ಅವಳನ್ನು 'ಗುಬ್ಬಿ' ಎನ್ನುತ್ತಿದ್ದಳು. ಎಲ್ಲರೂ ಎಸೆಯಿರಿ ಎಂದದ್ದನ್ನು ಮಾತಾಡಿಸುವುದರಲ್ಲಿ ಗುಬ್ಬಿಗೆ ಅಷ್ಟಿಷ್ಟಲ್ಲದ ಹೆಮ್ಮೆ.

ಆ ಹೆಮ್ಮೆಗೆ ಹಲ್ಲಿನವನು ಸರಿಯಾಗಿ ಪೆಟ್ಟು ಕೊಟ್ಟ.

ಡಯಲಿನ ಒಳಗಿನ ಇಂಗಾಲದ ಪಟ್ಟಿಯನ್ನೇ ಬದಲಾಯಿಸಿ ಕಳಿಸಿದಳು. ಅವನು ಮತ್ತೆ ಬಂದ. ತಂತಿ ಬದಲಾಯಿಸಿದಳು. ಮತ್ತೆ ಬಂದ! ಬರಬರುತ್ತಾ ಅವನ ದೂರು ಸಣ್ಣದಾಯಿತು, ಮಾತು ಉದ್ದವಾಯಿತು. ಒಂದು ದಿನ ದೊಡ್ಡಮ್ಮನ ಹಲ್ಲಿನ ಸೆಟ್ಟನ್ನು ಯಾರ ಮುಂದೆಯೂ ಆಡದೆ ಒಯ್ದು, ಮರುದಿನ ಜಾರದಂತೆ ಮಾಡಿ ತಂದುಕೊಟ್ಟ. ಅಂದಿನಿಂದ ಅವನು ಆ ಅಂಗಡಿಯ ಅರ್ಧ ಮಗ.

"ಅಷ್ಟೊಂದು ಯಾಕೆ ಈ ಆಟದ ಹುಚ್ಚು?" ಎಂದು ಅವಳು ಒಮ್ಮೆ ಕೇಳಿದಳು.

ಅವನು ಎಡಗೈಯಲ್ಲಿ ಟೀ ಲೋಟ ಹಿಡಿದು ಕಿಟಕಿಯಾಚೆ ನೋಡಿದ. "ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಆಡ್ತೀನಿ. ಗೆರೆ ನಿಂತರೆ... ಆ ದಿನ ಚೆನ್ನಾಗಿರುತ್ತೆ."

"ಮೂಢನಂಬಿಕೆ!"

"ಹಾಗೇ ಅಂದುಕೊಳ್ಳಿ."

"ನಿಲ್ಲದಿದ್ದರೆ?"

ಅವನು ಲೋಟ ಕೆಳಗಿಟ್ಟು ಹೊರಡಲು ಎದ್ದ. ಅವನ ಮುಖದಲ್ಲಿ ಹಾದುಹೋದ ನೆರಳನ್ನು ಅವಳು ಕಂಡಳು. ಆದರೆ ಅದಕ್ಕೆ ತನ್ನದೇ ಅರ್ಥ ಕಟ್ಟಿಕೊಂಡಳು. ಪ್ರೀತಿಯ ಹೊಸಿಲಲ್ಲಿ ನಿಂತವರು ಎದುರಿನವರ ಎಲ್ಲ ಮೌನವೂ ತಮಗೆ ಸೇರಿದ್ದೆಂದೇ ತಿಳಿಯುತ್ತಾರೆ.

ಅವನು ಹೋದ ಮೇಲೆ ದೊಡ್ಡಮ್ಮ ಹೆಣಿಗೆ ಕಡ್ಡಿಯಿಂದ ಅವಳ ತೋಳಿಗೆ ತಿವಿದಳು. "ಆ ಡಬ್ಬೀಲಿ ಏನೂ ಇಲ್ಲ ಗುಬ್ಬಿ. ಆ ಹುಡುಗ ನಿನ್ನ ನೋಡೋಕೆ ಬರ್ತಾನೆ."

"ಸುಮ್ನಿರಿ ದೊಡ್ಡಮ್ಮ!"

"ನಾನು ಸುಮ್ನಿರ್ತೀನಿ. ನಿನ್ನ ಕೆನ್ನೆಗೆ ಹೇಳು ಸುಮ್ನಿರೋಕೆ."

ಅಂದಿನಿಂದ ಅವಳಿಗೆ ಅದೇ ಯೋಚನೆ. ನಿಜವಾಗಿಯೂ ನನಗಾಗಿ ಬರುತ್ತಿದ್ದಾನೆಯೇ? ಇಲ್ಲ ನನ್ನ ಕೆಲಸವೇ ಸರಿಯಿಲ್ಲವೇ? ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಅವನಲ್ಲದಿದ್ದರೆ ಬೇಸರ, ಅವನಾದರೆ ಭಯ!

ಕೊನೆಗೆ ಅವಳೊಂದು ಉಪಾಯ ಹೂಡಿದಳು.

ಡಬ್ಬಿಯ ಒಳಗೆ, ಡಯಲಿನ ಕಾಲುಗಳ ನಡುವೆ, ಕಡಲೆಯಷ್ಟು ಗಾತ್ರದ ಕೆಪಾಸಿಟರೊಂದನ್ನು ಬೆಸೆದಳು. ಅದರ ಕೆಲಸ ಸರಳ. ಡಯಲ್ ಎಷ್ಟೇ ಅಲುಗಿದರೂ ಸಣ್ಣಪುಟ್ಟ ಅಲುಗಾಟವನ್ನೆಲ್ಲ ಅದು ತಾನೇ ನುಂಗಿಕೊಳ್ಳುತ್ತದೆ. ನಿಧಾನವಾಗಿ ತಿರುಗಿಸಿದ್ದನ್ನು ಮಾತ್ರ ಪೆಟ್ಟಿಗೆಗೆ ದಾಟಿಸುತ್ತದೆ. ಗೆರೆ ಕೊಂಚ ಸೋಮಾರಿಯಾಗಬಹುದು, ಆದರೆ ನಡುಗುವುದಂತೂ ಸಾಧ್ಯವಿಲ್ಲ.

*ಇನ್ನು ನಡುಗುತ್ತೆ ಅನ್ನೋ ನೆಪ ಇಲ್ಲ. ಇಷ್ಟಾದ ಮೇಲೂ ಬಂದರೆ... ನನಗಾಗಿಯೇ ಬಂದ ಹಾಗೆ!*

ತಿರುಪು ಬಿಗಿಯುವಾಗ ಅವಳು ತನಗೆ ತಾನೇ ನಗುತ್ತಿದ್ದಳು. ಪಾಪ, ಎಂಥ ಕೆಲಸ ಮಾಡಿಬಿಟ್ಟೆ ಎನ್ನುವುದು ಅವಳಿಗೆ ಆಗ ಗೊತ್ತಿರಲಿಲ್ಲ.

---

ಅವನು ಬಂದ. ಕೈಯಲ್ಲಿ ಗಂಟಿರಲಿಲ್ಲ!

"ನಿಂತುಬಿಟ್ಟಿತು!" ಎಂದ. ಮೆಟ್ಟಿಲು ಹತ್ತಿ ಓಡಿ ಬಂದವನ ಏದುಸಿರು ಇನ್ನೂ ನಿಂತಿರಲಿಲ್ಲ. "ಗೆರೆ ನಿಂತುಬಿಟ್ಟಿತು! ನಿನ್ನೆ ಆಡಿದೆ, ಇವತ್ತೂ ಆಡಿದೆ. ಒಂಚೂರೂ ಅಲುಗಲಿಲ್ಲ. ಕಂಟ್ರೋಲರೇ ಕೆಟ್ಟಿತ್ತು! ನಿಜವಾಗಲೂ ಅದೇ ಕೆಟ್ಟಿತ್ತು!"

ಅವನ ಕಣ್ಣಲ್ಲಿ ನೀರು ತುಂಬಿತ್ತು. ಒಂದು ಹಳೇ ಡಬ್ಬಿಗಾಗಿ ಯಾರಾದರೂ ಅಳುತ್ತಾರೆಯೇ? ಅವಳಿಗೆ ಆಶ್ಚರ್ಯವೂ ಆಯಿತು, ಯಾಕೋ ಸಣ್ಣಗೆ ಅಳುಕೂ ಆಯಿತು.

"ಅಷ್ಟೇನಾ ಹೇಳೋಕೆ ಬಂದದ್ದು?" ಎಂದಳು, ಸ್ವರ ಹಗುರ ಮಾಡಿಕೊಂಡು.

"ಇಲ್ಲ... ನಿಮ್ಮನ್ನ ಒಂದು ಮಾತು ಕೇಳೋದಿದೆ. ಇಷ್ಟು ದಿನ ಧೈರ್ಯ ಇರಲಿಲ್ಲ, ಇವತ್ತು ಬಂದಿದೆ. ಭಾನುವಾರ ಮನೆಗೆ ಬರ್ತೀರಾ? ಅಮ್ಮ ಇರ್ತಾಳೆ. ಆಮೇನೂ ಇರುತ್ತೆ."

ದೊಡ್ಡಮ್ಮ ಅವಳಿಗಿಂತ ಮೊದಲು ಉತ್ತರ ಕೊಟ್ಟಳು. "ಬರ್ತಾಳೆ!"

---

ಅವನ ಮನೆಯಲ್ಲಿ ಆಮೆ ಟೀವಿಯ ಕೆಳಗೆ ರಾಜನ ಹಾಗೆ ಕೂತಿತ್ತು. ಪಕ್ಕದಲ್ಲೊಂದು ಗಾಜಿನ ಕಪಾಟು. ಬಾಗಿಲು ತೆರೆದಾಗ ಗುಬ್ಬಿ ಬೆರಗಾಗಿ ನಿಂತಳು. ಅದರ ತುಂಬ ಆಮೆಯ ಕಂಟ್ರೋಲರುಗಳು! ಸಾಲು ಸಾಲಾಗಿ, ತಂತಿ ಸುರುಳಿ ಸುತ್ತಿಕೊಂಡು ಮಲಗಿದ್ದವು. ಇಡೀ ಪೆಟ್ಟಿಗೆಯೇ ಅಪರೂಪ, ಅದರ ಬಿಡಿ ಕಂಟ್ರೋಲರ್ ಸಿಗುವುದಂತೂ ಇನ್ನೂ ಅಪರೂಪ. ಕೂಡಿಡುವವರು ಇದನ್ನು ಕಂಡರೆ ಹೊಟ್ಟೆಕಿಚ್ಚಿಗೆ ಬಿದ್ದು ಸಾಯುತ್ತಿದ್ದರು.

"ಇವನ್ನೆಲ್ಲ ಅಪ್ಪ ತಂದದ್ದು," ಎಂದ ಅವನು. ಅಷ್ಟರಲ್ಲಿ ಲ್ಯಾಬಿನಿಂದ ಫೋನು ಬಂದು ಹೊರಗಿನ ವರಾಂಡಕ್ಕೆ ಹೋದ.

ಅವನ ತಾಯಿ ಅವಳ ಪಕ್ಕ ಬಂದು ನಿಂತರು. ಸಣ್ಣ ಮೈಕಟ್ಟಿನ, ಮೆಲುದನಿಯ ಹೆಂಗಸು.

"ನಮ್ಮ ಯಜಮಾನರಿಗೆ ಇದೊಂದು ಗೀಳಿತ್ತು ಕಣಮ್ಮ. ಮಗನ ಜೊತೆ ಆಡೋಕೆ ಕೂತಾಗ ಅವರ ಗೆರೆ ನಡುಗೋದು. 'ಈ ಕಂಟ್ರೋಲರ್ ಸರಿಯಿಲ್ಲ' ಅನ್ನೋರು. ಎಲ್ಲೆಲ್ಲೋ ಹುಡುಕಿ ಇನ್ನೊಂದು ತರೋರು. ಅದೂ ನಡುಗೋದು. ಮತ್ತೊಂದು ತರೋರು..." ಅವರು ಒಂದು ಡಬ್ಬಿಯ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದರು. "ಕೆಟ್ಟಿದ್ದು ಕೈ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಅವರಿಗೆ ಚಮಚ ಹಿಡಿಯೋಕೂ ಆಗ್ತಿರಲಿಲ್ಲ. ಲ್ಯಾಬಿನಲ್ಲಿ ಎಷ್ಟು ಹಲ್ಲು ಹಾಳು ಮಾಡಿದ್ದರೋ, ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಲಿಲ್ಲ. ಅದೊಂದು ನೋವು ಇನ್ನೂ ಹೋಗಿಲ್ಲ ನೋಡು."

ಗುಬ್ಬಿಯ ಕೈ ತಾನಾಗಿಯೇ ಒಂದು ಕಂಟ್ರೋಲರನ್ನು ಎತ್ತಿಕೊಂಡಿತು. ಡಯಲ್ ತಿರುಗಿಸಿದಳು. ಬೆರಳಿಗೇ ಗೊತ್ತಾಗುತ್ತದೆ, ನುಣ್ಣಗಿತ್ತು. ಇನ್ನೊಂದನ್ನು ತಿರುಗಿಸಿದಳು. ಅದೂ ನುಣ್ಣಗೆ. ಮತ್ತೊಂದು...

ಒಂದೂ ಕೆಟ್ಟಿರಲಿಲ್ಲ!

*ಅಯ್ಯೋ...*

ಎಡಗೈಯಲ್ಲಿ ಹಿಡಿದ ಟೀ ಲೋಟ. ಜೇಬಿನಿಂದ ಹೊರಗೆ ಬರದ ಬಲಗೈ. 'ಇದರಲ್ಲೇ ಏನೋ ಇದೆ. ಇರಲೇಬೇಕು.' ಎಲ್ಲವೂ ಒಂದರ ಹಿಂದೊಂದು ಬಂದು ಅವಳ ಎದೆಗೆ ಗುದ್ದಿದವು.

ಅವನು ಆಟ ಆಡುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ತನ್ನ ಕೈಯನ್ನು ಪರೀಕ್ಷಿಸಿಕೊಳ್ಳುತ್ತಿದ್ದ! ತಾನು... ತಾನು ಆ ಪರೀಕ್ಷೆಯನ್ನೇ ಕುರುಡು ಮಾಡಿಬಿಟ್ಟಿದ್ದಳು.

ಅವನು ಒಳಗೆ ಬಂದ. ತಾಯಿ ನಗುತ್ತಾ ಅಡುಗೆಮನೆಗೆ ಹೋದರು, ಬೇಕೆಂದೇ. ಅವನು ಆಮೆಯ ಗುಂಡಿ ಒತ್ತಿ, ಅವಳು ಸರಿಮಾಡಿದ ಕಂಟ್ರೋಲರನ್ನು ಬಲಗೈಯಲ್ಲಿ ಹಿಡಿದ. ಪರದೆಯ ಮೇಲೆ ಬಿಳಿ ಗೆರೆ ಎರಡು ಗೋಡೆಗಳ ನಡುವೆ ಕಲ್ಲಿನಂತೆ ನಿಂತಿತು.

ಅವಳು ಪರದೆ ನೋಡಲಿಲ್ಲ. ಅವನ ಹೆಬ್ಬೆರಳನ್ನು ನೋಡಿದಳು. ಡಯಲಿನ ಅಂಚಿನಲ್ಲಿ ಅದು ಸಣ್ಣಗೆ, ತೀರಾ ಸಣ್ಣಗೆ ಅದುರುತ್ತಿತ್ತು.

"ನೋಡಿದಿರಾ?" ಅವನ ಮುಖ ಬೆಳಗುತ್ತಿತ್ತು. "ನರದ ಡಾಕ್ಟರ್ ಹತ್ರ ಹೋಗೋದಿತ್ತು. ರದ್ದು ಮಾಡಿದೆ. ಇನ್ನು ಬೇಕಿಲ್ಲ! ಅಪ್ಪನ ಕೈ ನನಗೆ ಬಂದಿದೆ ಅಂತ ಹೆದರಿ ಸತ್ತಿದ್ದೆ. ಅಂಥ ಕೈಗೆ ಯಾವ ಹುಡುಗಿಯನ್ನೂ ಗಂಟುಹಾಕಬಾರದು ಅಂತ ತೀರ್ಮಾನ ಮಾಡಿದ್ದೆ. ಈಗ ಧೈರ್ಯವಾಗಿ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

ಎಷ್ಟು ದಿನದಿಂದ ಕಾದ ಮಾತು! ಆದರೆ ಅದು ನಿಂತದ್ದು ಒಂದು ಸುಳ್ಳು ಗೆರೆಯ ಮೇಲೆ. ಹೇಳಬೇಕು. ಈಗಲೇ ಹೇಳಬೇಕು. ಆದರೆ ಅಡುಗೆಮನೆಯಲ್ಲಿ ಲೋಟಗಳ ಸದ್ದು, ಆ ತಾಯಿಯ ಸಂಭ್ರಮ, ಇವನ ಈ ಮುಖ...

"ನನಗೆ... ನನಗೆ ಸ್ವಲ್ಪ ಸಮಯ ಬೇಕು," ಎಂದವಳೇ ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟುಬಿಟ್ಟಳು.

ಸಂಜೆ ಅವನ ಸಂದೇಶ ಬಂತು. 'ಅಮ್ಮ ಅಪ್ಪನ ವಿಷಯ ಹೇಳಿದಳಂತೆ. ಕೇಳಿದ ಯಾರಿಗಾದರೂ ಭಯ ಆಗುತ್ತೆ. ತಪ್ಪಿಲ್ಲ. ಇನ್ನು ತೊಂದರೆ ಕೊಡಲ್ಲ.'

---

ಆಮೇಲಿನ ದಿನಗಳು ಅವಳಿಗೆ ಮುಳ್ಳಿನ ಮೇಲೆ ಕೂತಂತೆ ಕಳೆದವು.

ಉತ್ತರ ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ಹೇಳಿದರೆ ಅವನ ಸಂತೋಷವನ್ನು ತನ್ನ ಕೈಯಾರೆ ಮುರಿದ ಹಾಗೆ. ಹೇಳದಿದ್ದರೆ? ಅವನು ಡಾಕ್ಟರ ಬಳಿ ಹೋಗುವುದಿಲ್ಲ. ದಿನಾ ಬೆಳಿಗ್ಗೆ ಆ ಸುಳ್ಳು ಗೆರೆಯನ್ನು ನೋಡಿ ನಗುತ್ತಾನೆ. ಚಮಚ ಜಾರುವ ದಿನದ ತನಕ ನಗುತ್ತಾನೆ!

ರೇಡಿಯೋ ಒಂದಕ್ಕೆ ತಂತಿ ತಪ್ಪಾಗಿ ಬೆಸೆದಳು. ಮತ್ತೆ ಬಿಚ್ಚಿದಳು. ದೊಡ್ಡಮ್ಮ ಹೆಣಿಗೆ ಕೆಳಗಿಟ್ಟು ಎದುರಿಗೆ ಬಂದು ಕೂತಳು.

"ಏನಾಯ್ತು ಹೇಳ್ತೀಯೋ, ಇಲ್ಲ ನಾನೇ ಹಲ್ಲಿನವನ ಮನೆಗೆ ಹೋಗಿ ಕೇಳಲೋ?"

ಅವಳು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಗಳಗಳ ಅತ್ತಳು. ದೊಡ್ಡಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ನಿಮ್ಮ ದೊಡ್ಡಪ್ಪ ಎದೆ ನೋವು ಬಂದಾಗೆಲ್ಲ ಅಜೀರ್ಣ ಅನ್ನೋರು," ಎಂದಳು. "ನಾನೂ ಹೌದು ಹೌದು ಅಂತ ಬಿಸಿನೀರು ಕೊಡ್ತಿದ್ದೆ. ಅವರಿಗೂ ಗೊತ್ತಿತ್ತು ಅಂತ ಕಾಣುತ್ತೆ, ನನಗೂ ಗೊತ್ತಿತ್ತು. ಇಬ್ಬರೂ ಸೇರಿ ಬಿಸಿನೀರು ಕಾಯಿಸಿದ್ವಿ, ಅಷ್ಟೇ." ಮೂಗು ಒರೆಸಿಕೊಂಡು ಎದ್ದಳು. "ಹೋಗು. ಬೈಸಿಕೊಂಡು ಬಾ. ಬೈಸಿಕೊಂಡವರು ಯಾರೂ ಸತ್ತಿಲ್ಲ."

---

ಲ್ಯಾಬಿನಲ್ಲಿ ಎಲ್ಲಿ ನೋಡಿದರೂ ಹಲ್ಲು. ತಟ್ಟೆಗಳಲ್ಲಿ ಹಲ್ಲು, ಅಚ್ಚುಗಳಲ್ಲಿ ಹಲ್ಲು, ಬಣ್ಣದ ಬಟ್ಟಲುಗಳ ಪಕ್ಕದಲ್ಲಿ ಹಲ್ಲು. ಅವಳು ಬಂದದ್ದು ಕಂಡು ಅವನು ಕುಂಚ ಕೆಳಗಿಟ್ಟ.

"ಬಂದಿರಿ..." ದನಿಯಲ್ಲಿ ಆಸೆ ಇಣುಕಿ, ತಕ್ಷಣ ಹಿಂದಕ್ಕೆ ಸರಿಯಿತು. "ಸಮಾಧಾನ ಹೇಳೋಕಾದರೆ ಬೇಡ."

"ಕಂಟ್ರೋಲರ್ ಎಲ್ಲಿದೆ?"

"ಇಲ್ಲೇ ಇದೆ, ಚೀಲದಲ್ಲಿ. ಯಾಕೆ?"

ಅವಳು ಅದನ್ನು ತೆಗೆದುಕೊಂಡು, ತನ್ನ ಚೀಲದಿಂದ ತಿರುಪುಳಿ ತೆಗೆದು, ಅವನ ಮೇಜಿನ ಮೇಲೆಯೇ ಬೆನ್ನು ಬಿಚ್ಚಿದಳು.

"ಇದು ಕಾಣ್ತಿದೆಯಲ್ಲ, ನೀಲಿಯದು... ಇದನ್ನ ಹಾಕಿದ್ದು ನಾನು. ಇದಕ್ಕೆ ಡಬ್ಬಿ ಸರಿಮಾಡೋ ಕೆಲಸ ಇಲ್ಲ. ಅಲುಗಾಟವನ್ನ ಮುಚ್ಚಿಡೋ ಕೆಲಸ." ತಿರುಪುಳಿಯ ತುದಿಯಿಂದ ಅದನ್ನು ಮುಟ್ಟಿ ತೋರಿಸಿದಳು. "ಕಂಟ್ರೋಲರ್ ಮೊದಲ ದಿನದಿಂದಲೂ ಚೆನ್ನಾಗಿಯೇ ಇತ್ತು. ಗೆರೆ ನಿಂತದ್ದು ಇದರಿಂದ. ನಿಮ್ಮ ಕೈಯಿಂದ ಅಲ್ಲ."

ಅವನು ಆ ಕಡಲೆಯಷ್ಟು ನೀಲಿ ಚುಕ್ಕೆಯನ್ನೇ ನೋಡುತ್ತ ಕೂತ. ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಯಾಕೆ ಹಾಕಿದ್ರಿ?"

"ಗೊತ್ತಿರಲಿಲ್ಲ! ನಿಮಗದು ಏನು ಅಂತ ನನಗೆ ಗೊತ್ತಿರಲಿಲ್ಲ. ನನಗೆ ಬೇಕಾದದ್ದು... ಸರಿಯಾದ ಮೇಲೂ ನೀವು ಬರ್ತೀರಾ ಅಂತ ನೋಡಬೇಕಿತ್ತು. ನನಗಾಗಿ ಬರ್ತೀರಾ ಅಂತ."

"ನಾನು ಡಾಕ್ಟರನ್ನ ಬೇಡ ಅಂದೆ! ಅಮ್ಮನ ಹತ್ರ ನಕ್ಕೆ! ನಿಮ್ಮನ್ನ..." ಅವನ ದನಿ ಒಡೆಯಿತು. "ಆ ಗೆರೆ ಒಂದೇ ನನಗೆ ನಿಜ ಹೇಳ್ತಿತ್ತು. ಅದರ ಬಾಯಿ ಕಟ್ಟಿಬಿಟ್ರಿ ನೀವು."

ಅವಳು ತಲೆ ತಗ್ಗಿಸಿದಳು. ಅವನು ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಮೊದಲ ಬಾರಿಗೆ ಅವಳ ಎದುರು, ಜೇಬಿನ ಆಸರೆಯೂ ಡಬ್ಬಿಯ ಆಸರೆಯೂ ಇಲ್ಲದೆ. ಬೆರಳುಗಳು ಸಣ್ಣಗೆ ಕಂಪಿಸುತ್ತಿದ್ದವು.

"ಅವತ್ತು ಓಡಿಹೋದದ್ದು ಇದಕ್ಕೆ ಹೆದರಿ ಅಂದುಕೊಂಡಿದ್ದೆ."

"ಇದಕ್ಕಲ್ಲ. ನಾನು ಮಾಡಿದ ಕೆಲಸಕ್ಕೆ ಹೆದರಿ ಓಡಿದೆ."

"ಹೋಗಿ," ಎಂದ ಅವನು ಮೆಲ್ಲಗೆ. "ಅವತ್ತು ಕೇಳಿದ ಪ್ರಶ್ನೆಯನ್ನ ವಾಪಸ್ ತಗೊಂಡಿದೀನಿ. ನನ್ನ ಹತ್ರ ಈಗ ಕೇಳೋ ಅಂಥದ್ದು ಏನೂ ಇಲ್ಲ."

ಅವಳು ಕತ್ತರಿಯಿಂದ ಕೆಪಾಸಿಟರಿನ ಕಾಲುಗಳನ್ನು ಕತ್ತರಿಸಿದಳು. ಡಬ್ಬಿಯನ್ನು ಮುಚ್ಚಿ, ತಿರುಪು ಬಿಗಿದು, ಅವನ ಮುಂದಿಟ್ಟಳು.

"ಇನ್ನು ಇದು ನಿಜಾನೇ ಹೇಳುತ್ತೆ," ಎಂದಳು. "ಆದರೆ ದಯವಿಟ್ಟು ಇದನ್ನ ಕೇಳಬೇಡಿ. ಡಾಕ್ಟರನ್ನ ಕೇಳಿ."

ಅವಳು ಬೀದಿಗೆ ಬಂದಳು. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು, ಬಂದ ಬಸ್ಸುಗಳನ್ನೆಲ್ಲ ಹೋಗಲು ಬಿಟ್ಟಳು.

---

ಅವನಿಂದ ಸುದ್ದಿಯೇ ಇಲ್ಲ.

ಡಾಕ್ಟರ ಬಳಿ ಹೋಗಿರಬಹುದೇ? ಹೋಗದೆ ಮತ್ತೆ ಇನ್ನೊಂದು ಕಂಟ್ರೋಲರ್ ಹುಡುಕುತ್ತಿರಬಹುದೇ, ಅಪ್ಪನ ಹಾಗೆ? ಫೋನು ಸದ್ದಾದರೆ ಬೆಚ್ಚಿ ಬೀಳುವಳು. ಸದ್ದಾಗದಿದ್ದರೆ ಕೆಟ್ಟಿದೆಯೇನೋ ಎಂದು ತಿರುಗಿಸಿ ನೋಡುವಳು. ದೊಡ್ಡಮ್ಮ ಈಗ ತಮಾಷೆ ಮಾಡುತ್ತಿರಲಿಲ್ಲ. ಸುಮ್ಮನೆ ಟೀ ತಂದು ಪಕ್ಕದಲ್ಲಿ ಇಡುತ್ತಿದ್ದಳು, ತಣ್ಣಗಾದದ್ದನ್ನು ಎತ್ತಿಕೊಂಡು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲು ಸದ್ದಾಯಿತು.

ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಅವನಲ್ಲದೇ ಹೋದರೆ ಎಂಬ ಭಯ. ಎದುರಿನ ಮೇಜಿನ ಮೇಲೆ ಏನೋ ಭಾರವಾದದ್ದು ಕೂತಿತು. ಉಬ್ಬಿದ, ಕಂದು ಬೆನ್ನು.

ಆಮೆ! ಮನೆ ಬಿಟ್ಟು ಬರದ ಆಮೆ!

"ನಮಸ್ಕಾರ," ಎಂದ ಅವನು. "ಮೊದಲು ಅದನ್ನ ಹೇಳಬೇಕಂತೆ."

ಅವಳು ತಲೆ ಎತ್ತಿದಳು. "ಡಾಕ್ಟರ್...?"

"ಹೋಗಿದ್ದೆ. ಅಮ್ಮನ್ನೂ ಕರ್ಕೊಂಡು ಹೋಗಿದ್ದೆ." ಅವನು ಸ್ಟೂಲಿನ ಮೇಲೆ ಕೂತ. "ಈಗಲೇ ಏನೂ ಹೇಳೋಕಾಗಲ್ಲ ಅಂದ್ರು. ಅಪ್ಪನ ಕಾಯಿಲೆಯೇ ಇರಬಹುದು, ಇಲ್ಲದೇನೂ ಇರಬಹುದು. ಮಾತ್ರೆ ಕೊಟ್ಟಿದ್ದಾರೆ, ಮತ್ತೆ ಮತ್ತೆ ಬರಬೇಕು ಅಂದಿದ್ದಾರೆ. ಬೇಗ ಬಂದದ್ದು ಒಳ್ಳೇದಾಯ್ತು ಅಂದ್ರು. ಅದೊಂದು ಮಾತು ಎರಡು ಸಲ ಹೇಳಿದ್ರು."

"ಅಮ್ಮ?"

"ಅತ್ತಳು. ಆಮೇಲೆ, ನೀನಾದರೂ ಹೇಳಿದೆಯಲ್ಲ ಅಂತ ಮತ್ತೆ ಅತ್ತಳು."

ದೊಡ್ಡಮ್ಮ ಇದ್ದಕ್ಕಿದ್ದಂತೆ ಉಣ್ಣೆ ಮುಗಿಯಿತೆಂದು ಗೊಣಗುತ್ತಾ, ಬುಟ್ಟಿ ತುಂಬ ಉಣ್ಣೆ ಇಟ್ಟುಕೊಂಡೇ ಅಂಗಡಿಯಿಂದ ಹೊರಗೆ ಹೋದಳು.

"ನಿಮ್ಮ ಮೇಲೆ ತುಂಬಾ ಕೋಪ ಇತ್ತು," ಎಂದ ಅವನು. "ಈಗಲೂ ಸ್ವಲ್ಪ ಇದೆ. ಆದರೆ ಆ ಕಪಾಟನ್ನ ನೋಡ್ತಾ ಕೂತಿದ್ದೆ. ಅಪ್ಪನಿಗೆ ಅಷ್ಟು ಕಂಟ್ರೋಲರ್ ಮಾರಿದವರಲ್ಲಿ ಒಬ್ಬರೂ, ಸ್ವಾಮಿ ಇದು ಚೆನ್ನಾಗಿದೆ, ನಿಮ್ಮ ಕೈ ತೋರಿಸಿ ಅಂತ ಹೇಳಲಿಲ್ಲ. ನೀವು ಬಂದು ಹೇಳಿದ್ರಿ. ನನ್ನ ಕಳ್ಕೊಳ್ತೀನಿ ಅಂತ ಗೊತ್ತಿದ್ದೂ ಹೇಳಿದ್ರಿ."

ಅವಳ ಕಣ್ಣು ತುಂಬಿ ಬಂತು.

ಅವನು ಆಮೆಯ ತಂತಿಯನ್ನು ಅಂಗಡಿಯ ಹಳೇ ಟೀವಿಗೆ ಸಿಕ್ಕಿಸಿದ. ಜೊತೆಗೆ ತಂದಿದ್ದ ಎರಡು ಕಂಟ್ರೋಲರುಗಳಲ್ಲಿ ಎಡಗಡೆಯದನ್ನು ಅವಳ ಮುಂದೆ ಸರಿಸಿದ, ಬಲಗಡೆಯದನ್ನು ತಾನು ಹಿಡಿದ.

"ಇಬ್ಬರು ಆಡೋ ಆಟ ಇದೆ ಇದರಲ್ಲಿ. ಅಪ್ಪ ಹೋದ ಮೇಲೆ ಆಡಿಲ್ಲ. ಎರಡು ಗೆರೆ, ಮೇಲೊಂದು ಚುಕ್ಕೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಚುಕ್ಕೆ ಬೀಳಲ್ಲ. ಆಡ್ತೀರಾ?"

ಪರದೆಯ ಮೇಲೆ ಎರಡು ಬಿಳಿ ಗೆರೆಗಳು ಮೂಡಿದವು, ಅಕ್ಕಪಕ್ಕ. ಮೇಲೆ ಒಂದು ಪುಟ್ಟ ಚುಕ್ಕೆ. ಬಲಗಡೆಯ ಗೆರೆ ಸಣ್ಣಗೆ ನಡುಗುತ್ತಿತ್ತು. ಈ ಸಲ ಅವನು ಅದನ್ನು ಬಚ್ಚಿಡಲಿಲ್ಲ.

ಆದರೆ ಎಡಗಡೆಯದು ಅದಕ್ಕಿಂತ ಜೋರಾಗಿ ನಡುಗುತ್ತಿತ್ತು!

ಅವನು ಹುಬ್ಬೇರಿಸಿದ. "ನಿಮ್ಮ ಗೆರೆ ನೋಡಿ. ಕಂಟ್ರೋಲರ್ ಕೆಟ್ಟಿರಬೇಕು."

ಅವಳು ಕಣ್ಣೀರಿನಲ್ಲೇ ನಕ್ಕಳು. ತಲೆ ಅಲ್ಲಾಡಿಸಿದಳು.

"ಕಂಟ್ರೋಲರ್ ಚೆನ್ನಾಗಿದೆ. ನಡುಗ್ತಿರೋದು ನಾನು."

"ಯಾಕೆ?"

"ವಾಪಸ್ ತಗೊಂಡ ಪ್ರಶ್ನೆಯನ್ನ ಮತ್ತೆ ಕೇಳ್ತೀರೋ ಇಲ್ಲವೋ ಅಂತ."

ಅವನು ಅವಳ ಕಡೆ ತಿರುಗಿದ. ಡಯಲ್ ಬಿಡದೆಯೇ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. ಭುಜಕ್ಕೆ ಭುಜ ತಾಗಿತು.

"ಈ ಕೈ ಮುಂದೆ ಏನಾಗುತ್ತೋ ಗೊತ್ತಿಲ್ಲ ಗುಬ್ಬಿ."

"ನನಗೂ ಗೊತ್ತಿಲ್ಲ. ಅದಕ್ಕೇ ಇಬ್ಬರಿರೋಣ."

"ಹಾಗಾದರೆ ಕೇಳ್ತಿದೀನಿ. ಮದುವೆ ಆಗ್ತೀಯಾ?"

"ಆಗ್ತೀನಿ."

ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. ಕಣ್ಣು ಮುಚ್ಚಿದ್ದವು, ಹೆಬ್ಬೆರಳು ಮಾತ್ರ ಡಯಲಿನ ಮೇಲೆಯೇ ಇತ್ತು.

"ಚುಕ್ಕೆ ಬಿತ್ತಾ?" ಎಂದು ಪಿಸುಗುಟ್ಟಿದಳು.

ಅವನು ಪರದೆಯ ಕಡೆ ನೋಡಿದ. ಎರಡೂ ಗೆರೆಗಳು ನಡುಗುತ್ತಲೇ ಇದ್ದವು.

"ಇಲ್ಲ," ಎಂದ. "ಇನ್ನೂ ಬಿದ್ದಿಲ್ಲ."